ಕಣ್ಣೀರಿಗೂ ಒಂದು ಕೆಲಸವಿದೆ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಹಬ್ಬದಂಥ ದಿನ ಅಳುವಿನ ಮಾತೇಕೆ ಎಂದು ನೀವು ಕೇಳಬಹುದು. ಬೆಳಗ್ಗೆಯಿಂದ ಹಳೆಯ ಗುರುಗಳ ಕಾಲಿಗೆರಗಿದವರಲ್ಲಿ ಎಷ್ಟೋ ಜನ ಕಣ್ಣೊರೆಸಿಕೊಂಡದ್ದನ್ನು ನೋಡಿದ್ದೇನೆ. ಹಾಗಾಗಿ ವಿಷಯ ಅಪ್ರಸ್ತುತವಲ್ಲ. ಇದೇ ಶಾಲೆಯಲ್ಲಿ ಓದಿ, ಬೇರೆ ಊರುಗಳಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು ನಾನು. ಪಾಠದ ಧಾಟಿ ಬಂದರೆ ಸಹಿಸಿಕೊಳ್ಳಿ.

ಕಣ್ಣೀರಿನಲ್ಲಿ ಮೂರು ಬಗೆ. ಒಂದು, ಸದಾ ಕಣ್ಣನ್ನು ತೇವವಾಗಿಡುವುದು. ಇನ್ನೊಂದು, ಹೊಗೆ, ಧೂಳು ತಾಗಿದಾಗ ಬರುವುದು. ಈರುಳ್ಳಿ ಹೆಚ್ಚಿದಾಗ ಗಂಧಕವಿರುವ ಅನಿಲವೊಂದು ಎದ್ದು ಕಣ್ಣನ್ನು ಉರಿಸುತ್ತದೆ. ಕಣ್ಣು ನೀರು ಸುರಿಸಿ ಅದನ್ನು ತೊಳೆಯುತ್ತದೆ. ಕಣ್ಣೀರಿನಲ್ಲಿ ಲೈಸೊಜೈಮ್ ಎಂಬ ಕಿಣ್ವವಿದೆ. ಅದು ಕೆಲವು ಬ್ಯಾಕ್ಟೀರಿಯಾಗಳನ್ನು ಒಡೆಯುತ್ತದೆ ಎಂದು 1922ರಲ್ಲಿ ತಿಳಿಸಿದವರು, ಮುಂದೆ ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್. ಕಣ್ಣಿನ ಒಳಮೂಲೆಯ ಸಣ್ಣ ರಂಧ್ರಗಳಿಂದ ಈ ನೀರು ಮೂಗಿಗೆ ಇಳಿಯುತ್ತದೆ. ಅತ್ತಾಗ ಮೂಗು ಸೋರುವುದು ಇದರಿಂದಲೇ.

ಮೂರನೆಯದು ಮನಸ್ಸಿನ ಕಣ್ಣೀರು. ಪ್ರಾಣಿಗಳ ಕಣ್ಣಲ್ಲೂ ನೀರು ಬರುತ್ತದೆ. ಆದರೆ ದುಃಖಕ್ಕೆ, ಸಂತೋಷಕ್ಕೆ ಕಣ್ಣೀರಿಡುವುದು ಮನುಷ್ಯನ ವಿಶೇಷ ಎಂಬುದು ಬಹುತೇಕ ವಿಜ್ಞಾನಿಗಳ ಅಭಿಪ್ರಾಯ. ಹಸುಗೂಸು ಹುಟ್ಟಿದೊಡನೆ ಕೂಗಿ ಅಳುತ್ತದೆ. ಕೆನ್ನೆಯ ಮೇಲೆ ನೀರು ಇಳಿಯಲು ಕೆಲವು ವಾರ ಬೇಕು. ಕೂಗು ದೂರದವರಿಗೂ ಕೇಳುತ್ತದೆ. ಕಣ್ಣೀರು ಹತ್ತಿರದವರಿಗೆ ಮಾತ್ರ ಕಾಣುತ್ತದೆ. ‘ನನ್ನ ಕೈ ಹಿಡಿ’ ಎಂದು ಬಾಯಿಬಿಡದೆ ಹೇಳುವ ಮಾತು ಅದು.

ಅತ್ತರೆ ಮನಸ್ಸು ಹಗುರಾಗುತ್ತದೆ ಎನ್ನುತ್ತೇವೆ. ಅದು ಅರ್ಧ ಸತ್ಯ. ಅಳುವಾಗ ಎದೆ ಹೊಡೆದುಕೊಳ್ಳುತ್ತದೆ, ಗಂಟಲು ಕಟ್ಟುತ್ತದೆ; ಆಮೇಲೆ ನಿಧಾನವಾಗಿ ಉಸಿರು ಹದಕ್ಕೆ ಬರುತ್ತದೆ. ಆದರೆ ಎಲ್ಲರಿಗೂ ಸಮಾಧಾನ ಸಿಗುವುದಿಲ್ಲ. ಅತ್ತವರ ಬೆನ್ನು ಸವರುವವರಿದ್ದರೆ ಭಾರ ಇಳಿಯುತ್ತದೆ. ಗದರುವವರು, ನಗುವವರು ಇದ್ದರೆ ಇನ್ನಷ್ಟು ಏರುತ್ತದೆ.

‘ನಗೋ ಹೆಂಗಸು, ಅಳೋ ಗಂಡಸು ನಂಬಬಾರದು’ ಎಂಬ ಗಾದೆ ನಮ್ಮಲ್ಲಿದೆ. ಈ ಗಾದೆಯ ಬೆಲೆಯನ್ನು ನಾನು ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನಗಳಲ್ಲಿ ಕಂಡಿದ್ದೇನೆ. ಫೇಲಾದ ಹುಡುಗಿಯರು ಒಬ್ಬರನ್ನೊಬ್ಬರು ತಬ್ಬಿ ಅತ್ತು, ಹೆಗಲ ಮೇಲೆ ಕೈಹಾಕಿಕೊಂಡು ಮನೆಗೆ ಹೋಗುತ್ತಿದ್ದರು. ಹುಡುಗರು ನಲ್ಲಿಯ ಬಳಿ ಮುಖ ತೊಳೆದು, ಏನೂ ಆಗದವರಂತೆ ಒಬ್ಬೊಬ್ಬರೇ ಹೊರಡುತ್ತಿದ್ದರು. ನನಗೆ ಹೆಚ್ಚು ಆತಂಕವಾಗುತ್ತಿದ್ದುದು ಅವರ ಬಗ್ಗೆಯೇ. ಅಂಥವರ ಜೊತೆ ಬಸ್‌ಸ್ಟ್ಯಾಂಡಿನವರೆಗೂ ನಡೆದು ಹೋಗುವುದು ನನಗೆ ರೂಢಿಯಾಯಿತು. ಏನನ್ನೂ ಕೇಳುತ್ತಿರಲಿಲ್ಲ. ಅರ್ಧ ದಾರಿಯಲ್ಲಿ ಅವರೇ ಅಳುತ್ತಿದ್ದರು.

ತಂದೆತಾಯಂದಿರೇ, ಶಿಕ್ಷಕ ಮಿತ್ರರೇ, ‘ಹೆಣ್ಣಿಗನ ಹಾಗೆ ಅಳಬೇಡ’ ಎಂಬ ಮಾತನ್ನು ಇಂದಿಗೇ ಬಿಟ್ಟುಬಿಡೋಣ. ವಾರಗಟ್ಟಲೆ ಅಳು ನಿಲ್ಲದಿದ್ದರೆ, ಅಥವಾ ಮಗು ಮಂಕಾಗಿ ಊಟ, ನಿದ್ದೆ ಬಿಟ್ಟರೆ ವೈದ್ಯರ ಬಳಿ ಕರೆದೊಯ್ಯಿರಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತವಾಗಿದೆ, ಕನ್ನಡದಲ್ಲೇ ಮಾತನಾಡಬಹುದು.

ಮಕ್ಕಳೇ, ಅಳುವ ಗೆಳೆಯನಿಗೆ ಬುದ್ಧಿಮಾತು ಬೇಡ. ಒಂದು ಲೋಟ ನೀರು ಕೊಟ್ಟು ಪಕ್ಕದಲ್ಲಿ ಕುಳಿತುಕೊಳ್ಳಿ, ಸಾಕು.