ಎಲೆಕ್ಟ್ರಿಕ್ ಕಾರೋ, ಪೆಟ್ರೋಲ್ ಕಾರೋ? ಮೊದಲು ನಿಮ್ಮ ಪಾರ್ಕಿಂಗ್ ನೋಡ್ರಿ

ನಾನು ಧಾರವಾಡದವನು. ಕೆಲಸಕ್ಕಂತ ಪುಣೆಗೆ ಬಂದು ಹನ್ನೊಂದು ವರ್ಷ ಆಯ್ತು. ಆಫೀಸಿನ ಕ್ಯಾಂಟೀನಿನಲ್ಲಿ ಯಾರಾದರೂ ಕಾರು ತಗೋಬೇಕು ಅಂದ ಕೂಡಲೇ ಈಗ ಒಂದೇ ಚರ್ಚೆ: ಇವಿ ತಗೊಳ್ಳಲೋ, ಪೆಟ್ರೋಲ್ ತಗೊಳ್ಳಲೋ? ಯಾವ ಕಂಪನಿ ಕಾರು ಒಳ್ಳೇದು ಅಂತ ನಾನು ಇವತ್ತು ಹೇಳೋದಿಲ್ಲ. ಮನೆ ಬಿಟ್ಟು ಬಂದು ಬಾಡಿಗೆ ಫ್ಲಾಟಿನಲ್ಲಿ ಇರುವ ನಮ್ಮಂಥವರು ಈ ಆಯ್ಕೆ ಹೇಗೆ ಮಾಡ್ತೀವಿ ಅನ್ನೋದಷ್ಟೇ ವಿಷಯ.

ಮೊದಲು ದುಡ್ಡಿನ ಮಾತು. ಇವಿ ಮೇಲೆ ಜಿಎಸ್‌ಟಿ 5%. ಸಣ್ಣ ಪೆಟ್ರೋಲ್ ಕಾರಿಗೆ 28% ಮತ್ತು ಮೇಲೊಂದಿಷ್ಟು ಸೆಸ್ ಇತ್ತು; 2025ರ ಸೆಪ್ಟೆಂಬರ್ 22ರಿಂದ ಅದು 18% ಆಯ್ತು. ಅಂದರೆ ಇವಿಗೆ ಇದ್ದ ತೆರಿಗೆಯ ಅನುಕೂಲ ಸ್ವಲ್ಪ ಕಡಿಮೆ ಆಗಿದೆ. ಅದೇ ಗಾತ್ರದ ಇವಿಗೆ ನೀವು 3 ಲಕ್ಷ ಹೆಚ್ಚು ಕೊಡ್ತೀರಿ ಅಂತ ಇಟ್ಟುಕೊಳ್ಳಿ.

ಪೆಟ್ರೋಲ್ ಲೀಟರಿಗೆ 100 ರೂಪಾಯಿ, ಮೈಲೇಜ್ 15 ಅಂದರೆ ಕಿಲೋಮೀಟರಿಗೆ ಹೆಚ್ಚುಕಡಿಮೆ 6 ರೂಪಾಯಿ 70 ಪೈಸೆ. ಇವಿ ಒಂದು ಯೂನಿಟ್ಟಿಗೆ 7 ಕಿಲೋಮೀಟರ್ ಓಡಿದರೆ, ಮನೆಯ ಕರೆಂಟು ಯೂನಿಟ್ಟಿಗೆ 9 ರೂಪಾಯಿ ಅಂದರೂ ಕಿಲೋಮೀಟರಿಗೆ 1 ರೂಪಾಯಿ 30 ಪೈಸೆ. ಹೊರಗಿನ ಫಾಸ್ಟ್ ಚಾರ್ಜರ್‌ನಲ್ಲಿ ಯೂನಿಟ್ಟಿಗೆ 22 ರೂಪಾಯಿ ಕೊಟ್ಟರೆ 3 ರೂಪಾಯಿ ದಾಟ್ತದೆ.

ಈಗ ನೋಡ್ರಿ. ಮನೆಯಲ್ಲೇ ಚಾರ್ಜ್ ಮಾಡಿದರೆ ಆ 3 ಲಕ್ಷ ವಾಪಸ್ ಬರೋದಕ್ಕೆ ಸುಮಾರು 55 ಸಾವಿರ ಕಿಲೋಮೀಟರ್ ಓಡಿಸಬೇಕು. ಹೊರಗೇ ಚಾರ್ಜ್ ಮಾಡಿದರೆ 85 ಸಾವಿರದ ಹತ್ತಿರ. ತಿಂಗಳಿಗೆ 1,500 ಕಿಲೋಮೀಟರ್ ಓಡಿಸುವವರಿಗೆ ಮನೆಯ ಪ್ಲಗ್ ಇದ್ದರೆ ಮೂರು ವರ್ಷದ ಮಾತು. ವಾರಕ್ಕೆ ಎರಡು ದಿನ ಆಫೀಸಿಗೆ ಹೋಗಿ, ತಿಂಗಳಿಗೆ 600 ಓಡಿಸುವವರಿಗೆ ಏಳೂವರೆ ವರ್ಷ ಬೇಕು.

ಆದರೆ ನಮ್ಮವರ ಜೊತೆ ಮಾತಾಡಿದಾಗ ನನಗೆ ಅನಿಸಿದ್ದು, ಕೊನೆಗೆ ನಿರ್ಧಾರ ಮಾಡೋದು ಈ ಲೆಕ್ಕ ಅಲ್ಲ. ಮನಸ್ಸಿನಲ್ಲಿ ಇರೋದು ಊರಿನ ರಸ್ತೆ. ದೀಪಾವಳಿಗೆ ಹೋಗೋದು ಬಿಡಿ, ಅದಕ್ಕೆ ತಯಾರಿ ಮಾಡ್ಕೋಬಹುದು. ರಾತ್ರಿ ಹನ್ನೊಂದಕ್ಕೆ ಫೋನ್ ಬಂದು, "ಅಪ್ಪಗ ಆರಾಮಿಲ್ಲ, ಲಗೂನ ಬಾ" ಅಂದರೆ? ಧಾರವಾಡ ಇಲ್ಲಿಂದ 400 ಕಿಲೋಮೀಟರ್ ಮೇಲೆ. ಸಾತಾರಾ, ಕೊಲ್ಹಾಪುರ, ನಿಪ್ಪಾಣಿ, ಬೆಳಗಾವಿ ದಾಟಬೇಕು. ಆ ಒಂದು ರಾತ್ರಿಯ ಹೆದರಿಕೆಗೇ ಎಷ್ಟೋ ಜನ ಪೆಟ್ರೋಲ್ ಕಾರು ತಗೊಳ್ತಾರೆ. ಇದನ್ನ ಬರೀ "ರೇಂಜ್ ಚಿಂತೆ" ಅಂತ ಕರೆದು ನಗಬಾರದು.

ಹಾಗಂತ ಆ ಹೆದರಿಕೆಯನ್ನೂ ಅಳೆದು ನೋಡಬೇಕಲ್ಲ. 45 ಯೂನಿಟ್ ಬ್ಯಾಟರಿಯ ಕಾರು ಹೆದ್ದಾರಿಯಲ್ಲಿ ಎಸಿ ಹಾಕಿಕೊಂಡು 250ರಿಂದ 270 ಕಿಲೋಮೀಟರ್ ಹೋಗ್ತದೆ ಅಂತ ಹಿಡಿಯೋಣ. ಕಂಪನಿ ಹೇಳುವ ಅಂಕಿ ಇದಕ್ಕಿಂತ ದೊಡ್ಡದು, ಅದು ಪರೀಕ್ಷೆಯ ಅಂಕಿ. ಮನೆ ಕೆಳಗೆ ಪ್ಲಗ್ ಇದ್ದವರ ಕಾರು ಯಾವ ರಾತ್ರಿಯಾದರೂ 80% ತುಂಬಿರ್ತದೆ. ದಾರಿಯಲ್ಲಿ ಒಂದೆರಡು ಕಡೆ ಮುಕ್ಕಾಲು ಗಂಟೆ ನಿಲ್ಲಬೇಕು, ಅಷ್ಟೇ. ಪ್ಲಗ್ ಇಲ್ಲದವರ ಕಾರಿನಲ್ಲಿ ಆ ಹೊತ್ತಿಗೆ 20% ಇದ್ದರೆ? ಪುಣೆ ಬಿಡೋ ಮೊದಲೇ ಚಾರ್ಜರ್ ಹುಡುಕಿ ಕಾಯಬೇಕು. ಒಂದೇ ಕಾರು, ಎರಡು ಬೇರೆ ರಾತ್ರಿಗಳು.

ಅದಕ್ಕೇ ನಾನು ಹೇಳೋದು: ಶೋರೂಮಿಗೆ ಹೋಗೋ ಮೊದಲು ನಿಮ್ಮ ಪಾರ್ಕಿಂಗಿಗೆ ಹೋಗಿ. ದೊಡ್ಡ ಚಾರ್ಜರ್ ಬೇಕಂತಿಲ್ಲ. ದಿನಕ್ಕೆ 40 ಕಿಲೋಮೀಟರ್ ಓಡಿಸಿದರೆ ಆರು ಯೂನಿಟ್ ಸಾಕು. 15 ಆಂಪಿಯರ್ ಸಾಕೆಟ್‌ನಲ್ಲಿ ಎರಡು, ಎರಡೂವರೆ ಗಂಟೆಯ ಕೆಲಸ. ಆದರೆ ಆ ಸಾಕೆಟ್ಟಿಗೆ ಮನೆ ಮಾಲೀಕರು ಒಪ್ಪಬೇಕು, ಸೊಸೈಟಿ ಎನ್‌ಒಸಿ ಕೊಡಬೇಕು, ನಿಮ್ಮ ಮೀಟರಿನಿಂದ ಕೇಬಲ್ ಎಳೆಯಬೇಕು, ಅರ್ಥಿಂಗ್ ಸರಿ ಇರಬೇಕು. ಒಪ್ಪಿಗೆಯನ್ನು ಬಾಯಿಮಾತಿಗೆ ಬಿಡಬೇಡಿ, ಬರೆಸಿಕೊಳ್ಳಿ. ಮುಂದಿನ ವರ್ಷ ಮನೆ ಬದಲಿಸಿದರೆ ಹೊಸ ಮನೆಯಲ್ಲೂ ಇದೇ ಪ್ರಶ್ನೆ.

ಇನ್ನೊಂದು ಮಾತು. ನಿಮ್ಮ ಕಂಪನಿಗೆ ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಆಫೀಸ್ ಇದ್ದರೆ ಬಿಎಚ್ ಸರಣಿಯ ನಂಬರ್ ಸಿಗ್ತದೆ. ನಾಳೆ ಹೈದರಾಬಾದಿಗೋ ಚೆನ್ನೈಗೋ ಹೋದರೆ ಮತ್ತೆ ನೋಂದಣಿಯ ತಲೆನೋವಿಲ್ಲ. ಅದರಲ್ಲಿ ಇವಿಗೆ ತೆರಿಗೆ ದರ 2% ಕಡಿಮೆ. ಆದರೆ ಕೆಲವು ರಾಜ್ಯಗಳಲ್ಲಿ ಇವಿಗೆ ಬೇರೆಯೇ ತೆರಿಗೆ ವಿನಾಯಿತಿ ಇರ್ತದೆ. ಎರಡನ್ನೂ ಹೋಲಿಸಿ ನೋಡಿ.

ನಾನು ಏನು ಮಾಡಿದೆ ಅಂತ ಕೇಳ್ತೀರಿ. ನನಗೆ ಇವಿ ಓಡಿಸೋದು ಭಾಳ ಇಷ್ಟ. ಗೇರಿಲ್ಲ, ಸದ್ದಿಲ್ಲ, ಸಿಗ್ನಲ್ಲಿನಲ್ಲಿ ಕಾಲು ನೋಯೋದಿಲ್ಲ. ಆದರೂ ನಾನಿರುವ ಬಾಡಿಗೆ ಮನೆಗೆ ಓಪನ್ ಪಾರ್ಕಿಂಗ್, ಸಾಕೆಟ್ ಹಾಕಿಸೋ ದಾರಿ ಇಲ್ಲ. ಹೀಗಾಗಿ ಹಳೇ ಪೆಟ್ರೋಲ್ ಕಾರನ್ನೇ ಇಟ್ಟುಕೊಂಡಿದ್ದೀನಿ. ಸ್ವಂತ ಫ್ಲಾಟ್ ಇರುವ ನನ್ನ ಗೆಳೆಯ ಇವಿ ತಗೊಂಡ. ಇಬ್ಬರ ಸಂಬಳವೂ ಹತ್ತಿರ ಹತ್ತಿರ, ಇಬ್ಬರ ಊರೂ ಒಂದೇ ದಿಕ್ಕು. ವ್ಯತ್ಯಾಸ ಒಂದು ಪ್ಲಗ್ ಮಾತ್ರ.

ಈ ವಾರ ಒಂದು ಕೆಲಸ ಮಾಡಿ. ನಿಮ್ಮ ಸೊಸೈಟಿ ಸೆಕ್ರೆಟರಿ ಹತ್ತಿರ ಹೋಗಿ, ಇಲ್ಲಿ ಚಾರ್ಜಿಂಗ್ ಪಾಯಿಂಟ್ ಹಾಕಿಸಬಹುದಾ ಅಂತ ಕೇಳಿ. ಅವರ ಉತ್ತರ ಸಿಕ್ಕ ಮೇಲೆ ಟೆಸ್ಟ್ ಡ್ರೈವಿಗೆ ಹೋಗಿ.