ಹಗ್ಗಕ್ಕೆ ತನ್ನದೇ ಭಾರ
(ಯಶವಂತನಗರದಲ್ಲಿ ನೀಡಿದ ದತ್ತಿ ಉಪನ್ಯಾಸ)



ಗಣಿ ಸೀಮೆಯವರ ಮುಂದೆ ಬಾಹ್ಯಾಕಾಶ ಲಿಫ್ಟಿನ ಮಾತೆತ್ತುವಾಗ ಕೋಲಾರದಿಂದ ಶುರು ಮಾಡುವುದೇ ಸರಿ. 2001ರಲ್ಲಿ ಮುಚ್ಚಿದ ಕೆ.ಜಿ.ಎಫ್.ನ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳ. ಅಷ್ಟನ್ನೂ ಒಂದೇ ಕೇಜಿನಲ್ಲಿ ಇಳಿಯುವಂತಿರಲಿಲ್ಲ. ಒಂದು ಶಾಫ್ಟ್ ಇಳಿದು, ಸುರಂಗದಲ್ಲಿ ನಡೆದು, ಮುಂದಿನ ಶಾಫ್ಟಿನ ಕೇಜ್ ಹತ್ತಬೇಕಿತ್ತು. ಕಾರಣಗಳು ಹಲವು, ಹಗ್ಗವೂ ಅದರಲ್ಲೊಂದು. ಉದ್ದವಾದಷ್ಟೂ ಹಗ್ಗ ಕೇಜಿಗಿಂತ ಹೆಚ್ಚಾಗಿ ತನ್ನನ್ನೇ ಹೊರಬೇಕಾಗುತ್ತದೆ.

ಗಣಿ ಹಗ್ಗದ ಒಳ್ಳೆಯ ಉಕ್ಕಿನ ತಂತಿಯನ್ನು ನೇತುಬಿಟ್ಟರೆ, ಹೆಚ್ಚುಕಡಿಮೆ 25 ಕಿ.ಮೀ. ಉದ್ದಕ್ಕೆ ತನ್ನ ತೂಕಕ್ಕೇ ಹರಿಯುತ್ತದೆ. ದಪ್ಪ ಮಾಡಿ ಎನ್ನುತ್ತೀರಿ. ಅಡ್ಡಕೊಯ್ತ ಎರಡರಷ್ಟಾದರೆ ಬಲ ಎರಡರಷ್ಟು, ತೂಕವೂ ಎರಡರಷ್ಟು. ಲೆಕ್ಕ ಅಲ್ಲಿಗೇ ನಿಲ್ಲುತ್ತದೆ.

ಈಗ ಮೇಲಕ್ಕೆ ನೋಡೋಣ. ಸಮಭಾಜಕದ ಮೇಲೆ ಸುಮಾರು 35,786 ಕಿ.ಮೀ. ಎತ್ತರದಲ್ಲಿ ಸುತ್ತುವ ಉಪಗ್ರಹ ಭೂಮಿಯ ಜೊತೆಗೇ ತಿರುಗುತ್ತದೆ, ನಮಗೆ ನಿಂತಂತೆ ಕಾಣುತ್ತದೆ. ಹಾಸನದ ಇಸ್ರೊ ಕೇಂದ್ರ 1982ರಿಂದ ಇಂಥವನ್ನೇ ಕಾಯುತ್ತಿದೆ. ಅಲ್ಲಿಂದ ಒಂದು ಹಗ್ಗವನ್ನು ಕೆಳಕ್ಕೂ ಇನ್ನೊಂದನ್ನು ಮೇಲಕ್ಕೂ ಬಿಡುತ್ತಾ ಹೋಗಿ. ಕೆಳಗಿನದನ್ನು ಭೂಮಿ ಎಳೆಯುತ್ತದೆ. ಮೇಲಿನದು, ದಾರ ಕಟ್ಟಿ ತಿರುಗಿಸಿದ ತಂಬಿಗೆಯಂತೆ, ಹೊರಗೆ ಜಗ್ಗುತ್ತದೆ. ಎರಡೂ ಸರಿತೂಗಿದರೆ ಹಗ್ಗ ನಿಲ್ಲುತ್ತದೆ, ಲಿಫ್ಟ್ ಅದನ್ನು ಹಿಡಿದು ಏರುತ್ತದೆ. 1960ರಲ್ಲಿ ಯೂರಿ ಆರ್ಟ್ಸುಟಾನೊವ್ ಎಂಬ ರಷ್ಯನ್ ಎಂಜಿನಿಯರ್ ಇದನ್ನು ಪತ್ರಿಕೆಯಲ್ಲಿ ಬರೆದರು. 1975ರಲ್ಲಿ ಅಮೆರಿಕದ ಜೆರೋಮ್ ಪಿಯರ್ಸನ್ ಸ್ವತಂತ್ರವಾಗಿ ಲೆಕ್ಕ ಹಾಕಿದರು. ತತ್ತ್ವದಲ್ಲಿ ತಪ್ಪಿಲ್ಲ. ಪ್ರಶ್ನೆ ಹಗ್ಗದ್ದು.

ಮೇಲೆ ಹೋದಂತೆ ಗುರುತ್ವ ಕುಗ್ಗುತ್ತದೆ. ಹಾಗಾಗಿ ಅಷ್ಟು ಉದ್ದದ ಹಗ್ಗದ ಭಾರ, ನೆಲದ ಗುರುತ್ವದಲ್ಲಿ ನೇತುಬಿಟ್ಟ ಸುಮಾರು 5,000 ಕಿ.ಮೀ. ಹಗ್ಗದ ಭಾರಕ್ಕೆ ಸಮ. ಉಕ್ಕು ತಾಳುವುದು 25. ಕೆಳಗೆ ಸಣ್ಣದಾಗಿ, ಮೇಲೆ ದಪ್ಪವಾಗಿ ಹೊಸೆಯಬಹುದಲ್ಲ? ಹೊಸೆಯಬಹುದು; ಆದರೆ ಅಂಥ ಪ್ರತಿ 25 ಕಿ.ಮೀ.ಗೂ ಅಡ್ಡಕೊಯ್ತ 2.7 ಪಟ್ಟು ಹಿಗ್ಗಬೇಕು. 200 ಸಲ ಹಿಗ್ಗಿದರೆ ಬರುವ ಸಂಖ್ಯೆಗೆ 80ಕ್ಕೂ ಹೆಚ್ಚು ಅಂಕೆಗಳು. ನೆಲದಲ್ಲಿ ಒಂದು ಚದರ ಮಿಲಿಮೀಟರ್ ಇದ್ದ ಎಳೆ ಮೇಲೆ ನಮಗೆ ಕಾಣುವ ವಿಶ್ವದಲ್ಲೂ ಹಿಡಿಸುವುದಿಲ್ಲ. ತೋರಣಗಲ್ಲಿನ ಕುಲುಮೆಗಳು ಎಷ್ಟು ಉಕ್ಕು ಕರಗಿಸಿದರೂ ಪ್ರಯೋಜನವಿಲ್ಲ ಎಂದು ಇಲ್ಲಿ, ಅದಿರಿನ ಧೂಳು ಕುಡಿದವರ ಮುಂದೆ, ಹೇಳಲು ಸ್ವಲ್ಪ ಸಂಕೋಚವೇ.

ಸಂಡೂರಿನ ಬೆಟ್ಟಗಳಿಂದ ಅದಿರು ಹೊರುವ ಕನ್ವೇಯರಿಗೆ ದಾರಿಯುದ್ದಕ್ಕೂ ಆಸರೆಯ ಕಂಬಗಳಿವೆ. ಕೋಲಾರದಲ್ಲಿ ಹಗ್ಗ ಬದಲಿಸಲು ಬಂಡೆಯಿತ್ತು. ಆಕಾಶದಲ್ಲಿ ಎರಡೂ ಇಲ್ಲ.

ಆಸೆ ಹುಟ್ಟಿಸಿದ್ದು ಇಂಗಾಲದ ನ್ಯಾನೊ ಕೊಳವೆ. 1991ರಲ್ಲಿ ಜಪಾನಿನ ಸುಮಿಯೊ ಈಜಿಮಾ ಅದನ್ನು ಜಗತ್ತಿನ ಗಮನಕ್ಕೆ ತಂದರು. ತೂಕದಲ್ಲಿ ಉಕ್ಕಿನ ಆರನೇ ಒಂದು ಭಾಗ. ಬಲ 50 ಗಿಗಾಪ್ಯಾಸ್ಕಲ್ ಸಿಕ್ಕರೂ ಹಗ್ಗ ಮೂರೂವರೆ ಪಟ್ಟು ಹಿಗ್ಗಿದರೆ ಸಾಕು. 2018ರಲ್ಲಿ ಚೀನಾದ ಸಿಂಗ್‌ಹುವಾ ವಿಶ್ವವಿದ್ಯಾಲಯದವರು 80 ದಾಟಿದ ಎಳೆಯನ್ನೇ ತೋರಿಸಿದರು. ಅದರ ಉದ್ದ ಕೆಲವೇ ಸೆಂಟಿಮೀಟರ್. ಜಪಾನಿನ ಒಬಾಯಾಶಿ ಕಂಪನಿ 2012ರಲ್ಲಿ ಘೋಷಿಸಿದ ಯೋಜನೆಗೆ ಬೇಕಾದದ್ದು 96,000 ಕಿ.ಮೀ. ಒಂದೇ ಒಂದು ಪರಮಾಣು ತಪ್ಪಿದರೂ ಕೊಳವೆಯ ಬಲ ಕುಸಿಯುತ್ತದೆ. ನಮ್ಮ ಮಕ್ಕಳ ಕಾಲಕ್ಕೂ ಭೂಮಿಯಿಂದ ಲಿಫ್ಟ್ ಏರುವುದು ನನಗೆ ಅನುಮಾನ. ಸಿಡಿಲು, ಕಕ್ಷೆಯ ಕಸ, ಗಂಟೆಗೆ 200 ಕಿ.ಮೀ. ವೇಗದಲ್ಲೂ ಏಳೂವರೆ ದಿನದ ಪಯಣ, ಇವೆಲ್ಲ ಆಮೇಲಿನ ತಲೆನೋವು. ಚಂದ್ರನಲ್ಲಾದರೋ ಗುರುತ್ವ ಇಲ್ಲಿಯದರ ಆರನೇ ಒಂದು ಭಾಗ. ಅಲ್ಲಿಗೆ ಈಗ ಅಂಗಡಿಯಲ್ಲಿ ಸಿಗುವ ನಾರುಗಳೇ ಸಾಕೆಂದು ಪಿಯರ್ಸನ್ ತೋರಿಸಿದ್ದಾರೆ. ನನಗೆ ಹೆಚ್ಚು ಭರವಸೆ ಇರುವುದು ಆ ಕಡೆ.

ಇಷ್ಟಾಗಿಯೂ ಭೂಮಿಯಲ್ಲೇ ಕಟ್ಟುತ್ತೇವೆಂದರೆ ಎಲ್ಲಿ? ಸಮಭಾಜಕ ಪೂರ್ತಿ ದುಂಡಗಿಲ್ಲ. ಹಾಗಾಗಿ ಮೇಲಿನ ಉಪಗ್ರಹಗಳು ಮೆಲ್ಲನೆ ಜಾರುತ್ತವೆ. ಜಾರದೆ ನೆಲೆಯೂರುವ ಜಾಗಗಳು ಎರಡೇ, ಒಂದು ಪೂರ್ವ ರೇಖಾಂಶ 75 ಡಿಗ್ರಿಯ ಆಸುಪಾಸಿನಲ್ಲಿ. ಅದು ಹುಬ್ಬಳ್ಳಿ-ಧಾರವಾಡದ ರೇಖಾಂಶ. ಅಲ್ಲಿಂದ ನೇರ ದಕ್ಷಿಣಕ್ಕೆ, ಸುಮಾರು 1,700 ಕಿ.ಮೀ. ದೂರದಲ್ಲಿ, ಹಿಂದೂ ಮಹಾಸಾಗರದ ನಡುವೆ ಹಗ್ಗದ ಬುಡ ಬೀಳುತ್ತದೆ.