ಹೊಸ ಮೀನು ಮನೆಗೆ ಬಂದಾಗ



ಯೆರವಡಾದಲ್ಲಿ ಕೂತು ಸಮುದ್ರದ ಮೀನು ಸಾಕುತ್ತೇನೆ ಅಂದರೆ ನಮ್ಮ ಮಂಗಳೂರು, ಕಾರವಾರದ ಕಡೆಯವರು ನಗುತ್ತಾರೆ. ನಗಲಿ ಬಿಡಿ. ಇಲ್ಲಿಂದ ಕಡಲು ನೋಡಬೇಕೆಂದರೆ ಘಟ್ಟ ಇಳಿಯಬೇಕು. ಮುಂಬಯಿಗೆ ಸುಮಾರು 150 ಕಿಲೋಮೀಟರ್. ನಮ್ಮ ಮನೆಯ ಕಡಲು ಆರ್‌ಓ ನೀರಿಗೆ ಅಕ್ವೇರಿಯಂ ಉಪ್ಪು ಕಲಸಿ ಮಾಡಿದ್ದು, ಲೀಟರಿಗೆ ಹೆಚ್ಚುಕಡಿಮೆ 35 ಗ್ರಾಂ. ಅಡುಗೆ ಉಪ್ಪು ಇದಕ್ಕೆ ಆಗುವುದಿಲ್ಲ.

2003ರಲ್ಲಿ ‘ಫೈಂಡಿಂಗ್ ನೀಮೋ’ ಸಿನಿಮಾ ಬಂದ ಮೇಲೆ ಮಕ್ಕಳಿರುವ ಮನೆಗಳಲ್ಲೆಲ್ಲ ಎರಡು ಮೀನುಗಳಿಗೆ ಬೇಡಿಕೆ ಬಂತು. ಕಿತ್ತಳೆ ಬಣ್ಣದ ಕ್ಲೌನ್ ಒಂದು, ನೀಲಿ ಟ್ಯಾಂಗ್ ಇನ್ನೊಂದು. ಕ್ಲೌನ್ ಮೀನನ್ನು ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ನಮ್ಮ ದೇಶದಲ್ಲೇ ಮರಿ ಮಾಡಿಸಿದ್ದಾರೆ. ನೀಲಿ ಟ್ಯಾಂಗ್ ಹಾಗಲ್ಲ. ಫ್ಲೋರಿಡಾದಲ್ಲಿ 2016ರಲ್ಲಿ ಅದನ್ನು ತೊಟ್ಟಿಯಲ್ಲಿ ಮರಿ ಮಾಡಿಸಿದರಾದರೂ, ಅಂಗಡಿಗೆ ಬರುವುದು ಹೆಚ್ಚಾಗಿ ಹವಳದ ದಿಬ್ಬದಿಂದ ಹಿಡಿದದ್ದೇ. ನಮ್ಮ ಅವಸರಕ್ಕೆ ಅದು ಸತ್ತರೆ ಸಮುದ್ರದಲ್ಲಿ ಒಂದು ಮೀನು ಕಡಿಮೆಯಾಯಿತು ಅಂತಲೇ ಲೆಕ್ಕ.

ನಾನೂ ಅವಸರ ಮಾಡಿದವನೇ. ಟ್ಯಾಂಗ್ ತಂದ ದಿನ ಚೀಲವನ್ನು ಕಾಲು ಗಂಟೆ ತೇಲಿಸಿ, ಸೀದಾ ದೊಡ್ಡ ತೊಟ್ಟಿಗೆ ಬಿಟ್ಟೆ. ಒಂಬತ್ತನೆಯ ದಿನ ಅದರ ರೆಕ್ಕೆಯ ಮೇಲೆ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕೆ. ಎರಡು ವಾರದಲ್ಲಿ ಅದೂ ಹೋಯಿತು, ಜೊತೆಗೆ ಮೂರು ವರ್ಷದಿಂದ ಇದ್ದ ಕ್ಲೌನ್ ಜೋಡಿಯೂ ಹೋಯಿತು.

ಈ ಚುಕ್ಕೆಗೆ ಕಾರಣ ಕ್ರಿಪ್ಟೋಕ್ಯಾರಿಯಾನ್ ಎಂಬ ಪರಾವಲಂಬಿ. ಮೀನಿನ ಮೈಮೇಲೆ ಅದು ಇರುವುದು ಕೆಲವೇ ದಿನ. ಆಮೇಲೆ ಉದುರಿ, ಕಲ್ಲು ಮರಳಿಗೆ ಅಂಟಿಕೊಂಡು, ಕೋಶ ಕಟ್ಟಿಕೊಂಡು ಮರಿ ಮಾಡುತ್ತದೆ. ಚುಕ್ಕೆ ಮಾಯವಾಯಿತೆಂದು ನಾವು ಖುಷಿಪಡುವ ಹೊತ್ತಿಗೆ ಅಲ್ಲಿ ನೂರಾರು ತಯಾರಾಗುತ್ತಿರುತ್ತವೆ. ಒಮ್ಮೆ ಹೊಕ್ಕಿತೋ, ಮೀನುಗಳನ್ನೆಲ್ಲ ಬೇರೆಡೆಗೆ ಸಾಗಿಸಿ ತೊಟ್ಟಿಯನ್ನು 76 ದಿನ ಮೀನಿಲ್ಲದೆ ಬಿಡುವುದು ಅನುಭವಿಗಳ ರೂಢಿ. ಇದಕ್ಕೆ ಔಷಧ ತಾಮ್ರ. ಆದರೆ ಅದೇ ತಾಮ್ರ ಸೀಗಡಿ, ಬಸವನಹುಳು, ಹವಳ ಎಲ್ಲವನ್ನೂ ಕೊಲ್ಲುತ್ತದೆ. ಅಂದ ಹಾಗೆ, ಮನೆಯ ತಾಮ್ರದ ಹಂಡೆಯಲ್ಲಿ ಉಪ್ಪುನೀರು ಕಲಸಬೇಡಿ. ನಮಗೆ ಒಳ್ಳೆಯದಾದದ್ದು ಅವಕ್ಕೆ ವಿಷ.

ಹಾಗಾಗಿ ಮೀನಿಗಿಂತ ಮೊದಲು ಇನ್ನೊಂದು ಸಣ್ಣ ತೊಟ್ಟಿ ತನ್ನಿ. 40 ಲೀಟರಿನದು ಸಣ್ಣ ಮೀನಿಗೆ ಸಾಕು. ಮರಳು ಬೇಡ, ಕಲ್ಲು ಬೇಡ. ಅಡಗಿಕೊಳ್ಳಲು ಪಿವಿಸಿ ಪೈಪಿನ ತುಂಡು, ಒಂದು ಹೀಟರ್, ಒಂದು ಸ್ಪಂಜ್ ಫಿಲ್ಟರ್. ಆ ಸ್ಪಂಜನ್ನು ನಾಲ್ಕಾರು ವಾರ ಮೊದಲೇ ದೊಡ್ಡ ತೊಟ್ಟಿಯಲ್ಲಿ ಇಟ್ಟಿರಿ, ಒಳ್ಳೆಯ ಬ್ಯಾಕ್ಟೀರಿಯಾ ಕೂರಲಿ.

ಇಲ್ಲಿ ಒಂದು ಸೂಕ್ಷ್ಮವಿದೆ. ಎಷ್ಟೋ ಅಂಗಡಿಗಳಲ್ಲಿ ಉಪ್ಪು ಕಡಿಮೆ, ಸಾಂದ್ರತೆ 1.019ರ ಆಸುಪಾಸು. ನಮ್ಮ ಹವಳದ ತೊಟ್ಟಿಯಲ್ಲಿ 1.025. ಕಡಿಮೆ ಉಪ್ಪಿನಿಂದ ಹೆಚ್ಚಿಗೆ ಒಮ್ಮೆಲೇ ಹೋದರೆ ಮೀನಿನ ದೇಹದ ನೀರು ಹಿಂಡಿದಂತಾಗುತ್ತದೆ. ಗಂಟೆಗಟ್ಟಲೆ ಹನಿ ಹನಿಯಾಗಿ ನೀರು ಬೆರೆಸಿ ಅಂತ ಹಲವರು ಹೇಳುತ್ತಾರೆ. ದೂರದಿಂದ ಬಂದ ಚೀಲಕ್ಕೆ ನಾನು ಅದನ್ನು ಒಪ್ಪುವುದಿಲ್ಲ. ಮುಚ್ಚಿದ ಚೀಲದಲ್ಲಿ ಮೀನಿನ ಉಸಿರಿನ ಇಂಗಾಲದ ಡೈಆಕ್ಸೈಡ್ ನೀರನ್ನು ಆಮ್ಲದ ಕಡೆಗೆ ಎಳೆದಿರುತ್ತದೆ. ಅದರಿಂದಲೇ ಅಮೋನಿಯಾದ ವಿಷ ಅಡಗಿರುತ್ತದೆ. ಚೀಲ ಬಿಚ್ಚಿದಿರೋ, ಆ ಅನಿಲ ಹಾರಿಹೋಗಿ ವಿಷ ಏಳುತ್ತದೆ. ಅದರಲ್ಲೇ ಮೀನನ್ನು ಗಂಟೆಗಟ್ಟಲೆ ಕೂರಿಸುವುದೇ?

ಅದಕ್ಕಿಂತ ಹೀಗೆ ಮಾಡಿ. ಕೊಳ್ಳುವ ಮುನ್ನ ಅಂಗಡಿಯವರಿಗೆ ಉಪ್ಪಿನ ಅಳತೆ ಕೇಳಿ, ಸಾಧ್ಯವಾದರೆ ನೀವೇ ಅಳೆಯಿರಿ. ಮೀನು ಆಹಾರ ತಿನ್ನುವುದನ್ನು ಕಣ್ಣಾರೆ ನೋಡಿ. ಸಣ್ಣ ತೊಟ್ಟಿಯಲ್ಲಿ ಅದೇ ಅಳತೆಯ ನೀರು ಸಿದ್ಧವಿರಲಿ. ಮನೆಗೆ ಬಂದಮೇಲೆ ಚೀಲ ಬಿಚ್ಚದೆ ಇಪ್ಪತ್ತು ನಿಮಿಷ ತೇಲಿಸಿ, ಆಮೇಲೆ ಬಿಚ್ಚಿ, ಮೀನನ್ನು ಮಾತ್ರ ಎತ್ತಿ ಬಿಡಿ. ಚೀಲದ ನೀರು ಮೋರಿಗೆ. ಉಪ್ಪನ್ನು ದಿನಕ್ಕೆ 0.001ರಂತೆ ಏರಿಸಿದರೆ ವಾರದೊಳಗೆ 1.025 ಆಗುತ್ತದೆ. ಪುಣೆಯ ಜನವರಿ ಚಳಿಯಲ್ಲಿ ಬೈಕಿನಲ್ಲಿ ತರುವವರು ಚೀಲಕ್ಕೆ ಟವೆಲ್ ಸುತ್ತಲು ಮರೆಯಬೇಡಿ.

ನಾಲ್ಕು ವಾರ ಅಲ್ಲೇ ಇರಲಿ. ದಿನವೂ ಅಮೋನಿಯಾ ಪರೀಕ್ಷಿಸಿ, ಏರಿದರೆ ನೀರು ಬದಲಿಸಿ. ಎರಡು ತೊಟ್ಟಿಗೂ ಬಲೆ, ಬಕೆಟ್ ಬೇರೆ ಬೇರೆ ಇರಲಿ. ಚುಕ್ಕೆ ಕಂಡರೆ ತಾಮ್ರದ ಚಿಕಿತ್ಸೆ ಈ ತೊಟ್ಟಿಯಲ್ಲೇ, ಟೆಸ್ಟ್ ಕಿಟ್ ಕೈಯಲ್ಲಿಟ್ಟುಕೊಂಡು.

ಹವಳದ ವಿಷಯವನ್ನೂ ಹೇಳಿಬಿಡುತ್ತೇನೆ. ದಿಬ್ಬ ಕಟ್ಟುವ ಹವಳಗಳಿಗೆ ನಮ್ಮ ವನ್ಯಜೀವಿ ಕಾಯ್ದೆಯಲ್ಲಿ 2001ರಿಂದ ರಕ್ಷಣೆಯಿದೆ. ನಮ್ಮ ಕಡಲಿನಿಂದ ಕಿತ್ತು ತಂದ ತುಂಡನ್ನು ಯಾರಾದರೂ ಗುಟ್ಟಾಗಿ ಮಾರಿದರೆ ಕೊಳ್ಳಬೇಡಿ.

ಕೊನೆಗೆ ದೊಡ್ಡ ತೊಟ್ಟಿಗೆ ಬಿಡುವ ದಿನ ಸಂಜೆ ದೀಪ ಆರಿಸಿ, ಹಳೆಯ ಮೀನುಗಳಿಗೆ ಮೊದಲು ಹೊಟ್ಟೆ ತುಂಬ ಊಟ ಹಾಕಿ, ನಾಲ್ಕು ಕಲ್ಲು ಸರಿಸಿ ಇಡಿ. ಜಾಗ ಬದಲಾದರೆ ಹಳಬರ ಯಜಮಾನಿಕೆ ಸ್ವಲ್ಪ ಸಡಿಲವಾಗುತ್ತದೆ. ಡ್ಯಾಮ್ಸೆಲ್ ಮೀನಿದ್ದರೆ ಮಾತ್ರ ಆ ರಾತ್ರಿ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂರಿ.